ಹಕಾರದ ಪ್ರಾಣಿಗಳು: ಅಕ್ಷರಪಟದ ಒಂದು ವಿಮರ್ಶೆ

ಕಾವ್ಯ, ನಾಟಕ, ಕಾದಂಬರಿಗಳನ್ನು ಒರೆಗೆ ಹಚ್ಚುವ ವಿಮರ್ಶಕರಿಗೆ ಕನ್ನಡದಲ್ಲಿ ಕೊರತೆಯಿಲ್ಲ. ಆದರೆ ಕನ್ನಡದ ಮಗು ಮೊತ್ತಮೊದಲು ಓದುವ ಕೃತಿಯ ಕಡೆಗೆ ವಿಮರ್ಶಕರ ದೃಷ್ಟಿ ಹೊರಳುವುದು ವಿರಳ. ಆ ಕೃತಿಗೆ ಕರ್ತೃವಿನ ಹೆಸರಿಲ್ಲ; ಮುನ್ನುಡಿಯಿಲ್ಲ; ಅರ್ಪಣೆಯಿಲ್ಲ. ಒಂದನೆಯ ತರಗತಿಯ ಗೋಡೆಯ ಮೇಲೆ ಮೊಳೆಯೊಂದಕ್ಕೆ ಜೋತುಬಿದ್ದು, ವರ್ಷಗಟ್ಟಲೆ ಸೀಮೆಸುಣ್ಣದ ಧೂಳನ್ನು ಕುಡಿಯುತ್ತ ಅದು ನಿಂತಿರುತ್ತದೆ. ಅಕ್ಷರಪಟವೆಂದು ನಾವು ಕರೆಯುವುದು ಇದನ್ನೇ. ಅಕಾರಕ್ಕೆ ಅರಸ, ಆಕಾರಕ್ಕೆ ಆನೆ, ಇಕಾರಕ್ಕೆ ಇಲಿ ಎಂದು ಒಂದೊಂದು ಅಕ್ಷರಕ್ಕೆ ಒಂದೊಂದು ಚಿತ್ರವನ್ನು ಕಟ್ಟಿಕೊಟ್ಟ ಈ ಕೃತಿಯನ್ನು ಓದಿದಷ್ಟು ಮಂದಿ ಕನ್ನಡಿಗರು ಬೇರಾವ ಕೃತಿಯನ್ನೂ ಓದಿರಲಾರರು. ಹಾಗಿದ್ದ ಮೇಲೆ ಅದರ ಗುಣದೋಷಗಳನ್ನು ವಿವೇಚಿಸುವುದು ನಮ್ಮಂತಹ ಪ್ರಾಥಮಿಕ ಶಾಲೆಯ ಉಪಾಧ್ಯಾಯರ ಕರ್ತವ್ಯವೇ ಸರಿ.

ಇಡೀ ಪಟವನ್ನು ಒಂದೇ ಲೇಖನದಲ್ಲಿ ಪರಿಶೀಲಿಸಲು ಸಾಧ್ಯವಿಲ್ಲ. ಆದುದರಿಂದ ಒಂದು ಅಕ್ಷರವನ್ನು ಮಾತ್ರ ಇಲ್ಲಿ ಎತ್ತಿಕೊಂಡಿದ್ದೇವೆ. ಅದು ಹಕಾರ. ಇದನ್ನೇ ಆರಿಸಿಕೊಂಡುದಕ್ಕೆ ಎರಡು ಕಾರಣಗಳಿವೆ. ಹಕಾರದಲ್ಲಿ ಪ್ರಾಣಿಸಂಪತ್ತು ಹೇರಳವಾಗಿದೆ ಎಂಬುದು ಒಂದು. ಗಡಿಯಾಚೆಯ ಕನ್ನಡ ಶಾಲೆಗಳ ಮಕ್ಕಳಿಗೂ ನೆರೆಭಾಷೆಗಳಿಗೂ ಇರುವ ನಂಟು ಈ ಒಂದು ಅಕ್ಷರದಲ್ಲಿ ಬೆಳಗುವಷ್ಟು ಸ್ಫುಟವಾಗಿ ಬೇರೆಡೆ ಬೆಳಗುವುದಿಲ್ಲ ಎಂಬುದು ಇನ್ನೊಂದು.

ಮೊದಲು ಸಂಪತ್ತನ್ನು ಎಣಿಸೋಣ. ಹಸು, ಹೋರಿ, ಹೋತ, ಹಂದಿ, ಹುಲಿ, ಹೆಗ್ಗಣ ಎಂಬ ನಾಲ್ಕು ಕಾಲಿನವು. ಹಾವು, ಹೆಬ್ಬಾವು, ಹಲ್ಲಿ ಎಂಬ ಹರಿದಾಡುವವು. ಹದ್ದು, ಹುಂಜ, ಹಂಸ ಎಂಬ ರೆಕ್ಕೆಯವು. ಹುಳು, ಹೇನು ಎಂಬ ಕಿರಿಯವು. ಎಲ್ಲ ಪಕ್ಷಿಗಳನ್ನೂ ಒಳಗೊಳ್ಳುವ ಹಕ್ಕಿ ಎಂಬ ಸಾಮಾನ್ಯ ನಾಮ. ಪುಸ್ತಕದ ಭಾಷೆಗೆ ಸೇರಿದ ಹಯ ಮತ್ತು ಹರಿಣ. ಇಷ್ಟೊಂದು ಐಶ್ವರ್ಯವಿದ್ದರೂ ಅಂಗಡಿಯಲ್ಲಿ ದೊರೆಯುವ ಪಟಗಳಲ್ಲಿ ನಾವು ಸಾಮಾನ್ಯವಾಗಿ ಕಾಣುವುದು ಹಂಸವನ್ನು, ಇಲ್ಲವೆ ಹಸುವನ್ನು, ಇಲ್ಲವೆ ಹುಲಿಯನ್ನು. ಈ ಆಯ್ಕೆ ಯುಕ್ತವೇ ಎಂಬುದು ನಮ್ಮ ಮೊದಲನೆಯ ಪ್ರಶ್ನೆ.

ಅಕ್ಷರಪಟದ ಚಿತ್ರಕ್ಕೆ ಮೂರು ಒರೆಗಲ್ಲುಗಳಿವೆ ಎಂದು ನಾವು ಭಾವಿಸುತ್ತೇವೆ. ಒಂದನೆಯದು, ಮಗು ಆ ವಸ್ತುವನ್ನು ಕಣ್ಣಾರೆ ಕಂಡಿರಬೇಕು. ಎರಡನೆಯದು, ಚಿತ್ರವನ್ನು ನೋಡಿದೊಡನೆ ಮಗುವಿನ ಬಾಯಿಂದ ಬೇರೆ ಹೆಸರು ಬರದೆ ಉದ್ದಿಷ್ಟ ಹೆಸರೇ ಬರಬೇಕು. ಮೂರನೆಯದು, ಆ ಹೆಸರಿನ ಮೊದಲ ಅಕ್ಷರ ಕಲಿಸಬೇಕಾದ ಅಕ್ಷರವೇ ಆಗಿರಬೇಕು; ಅದರ ಗುಣಿತರೂಪ ಆಗಿರಬಾರದು.

ಹಂಸವು ಮೂರನೆಯ ಒರೆಯಲ್ಲಿ ಗೆದ್ದಂತೆ ತೋರಿದರೂ ಮೊದಲೆರಡರಲ್ಲಿ ಸೋಲುತ್ತದೆ. ಹಳ್ಳಿಯ ಮಗು ಹಂಸವನ್ನು ಕಂಡಿಲ್ಲ. ಚಿತ್ರವನ್ನು ತೋರಿಸಿದರೆ ಬಾತುಕೋಳಿ ಎನ್ನುತ್ತದೆ. ಅದು ತಪ್ಪೆಂದು ಹೇಳಲು ಉಪಾಧ್ಯಾಯರಿಗೂ ಬಾಯಿ ಬಾರದು. ಚಿತ್ರಕಾರ ಬರೆದಿರುವುದೂ ಬಹುತೇಕ ಬಾತುಕೋಳಿಯನ್ನೇ. ಹರಿಣವನ್ನು ಮಗು ಜಿಂಕೆ ಎನ್ನುತ್ತದೆ, ಹಯವನ್ನು ಕುದುರೆ ಎನ್ನುತ್ತದೆ. ಹುಲಿಯನ್ನು ಎಲ್ಲ ಮಕ್ಕಳೂ ಬಲ್ಲರು. ಕಾಡಿನಲ್ಲಿ ಕಾಣದಿದ್ದರೂ ಹುಲಿವೇಷದಲ್ಲಿ ಕಂಡಿರುತ್ತಾರೆ. ಆದರೆ ಅದರ ಮೊದಲ ಅಕ್ಷರ ಹು, ಹ ಅಲ್ಲ. ಕಾಗುಣಿತ ಕಲಿಯದ ಮಗುವಿಗೆ ಕೊಂಬಿನ ಹಕಾರವನ್ನು ತೋರಿಸಿ ಇದು ಹ ಎಂದರೆ ಅದು ಗೊಂದಲಕ್ಕೆ ಬೀಳದೆ ಇರದು. ಹಸುವಿಗೆ ಈ ದೋಷವಿಲ್ಲ. ಆದರೆ ಕಾಸರಗೋಡಿನ ಮಗು ಆ ಚಿತ್ರವನ್ನು ಕಂಡು ದನ ಎನ್ನುತ್ತದೆ. ಅಕ್ಕಲಕೋಟೆಯ ಮಗು ಆಕಳು ಎನ್ನುತ್ತದೆ. ಹಸು ಎಂಬ ಮಾತು ಎಲ್ಲ ಸೀಮೆಗಳ ಮನೆಮಾತು ಅಲ್ಲ.

ಹಾಗಾದರೆ ಮೂರು ಒರೆಗಳಲ್ಲಿಯೂ ತೇರ್ಗಡೆಯಾಗುವುದು ಯಾವುದು? ಹಲ್ಲಿ. ಮನೆಯ ಗೋಡೆಯಲ್ಲಿಯೂ ಶಾಲೆಯ ಗೋಡೆಯಲ್ಲಿಯೂ ಅದು ಇದೆ. ಕೆಲವೊಮ್ಮೆ ಅಕ್ಷರಪಟದ ಹಿಂದೆಯೇ ವಾಸವಾಗಿರುತ್ತದೆ. ಅದಕ್ಕೆ ಎರಡನೆಯ ಹೆಸರಿಲ್ಲ. ಅದರ ಮೊದಲ ಅಕ್ಷರ ಶುದ್ಧ ಹಕಾರ. ಜೊತೆಗೆ ಹಲ್ಲಿ ಮತ್ತು ಹಳ್ಳಿ ಎಂದು ಲಕಾರ ಳಕಾರಗಳ ಭೇದವನ್ನು ಕಲಿಸಲು ಮುಂದೆ ಅದೇ ಚಿತ್ರ ನೆರವಾಗುತ್ತದೆ. ಹಲ್ಲಿ ನುಡಿದರೆ ಶಕುನವೆಂದೂ ಮೈಮೇಲೆ ಬಿದ್ದರೆ ಅಪಶಕುನವೆಂದೂ ಹೇಳುವ ಜನರ ನಡುವೆ ಅದನ್ನು ಪಟಕ್ಕೆ ಏರಿಸಲು ಮುದ್ರಕರು ಅಂಜಿರಬಹುದು. ಅಥವಾ ಹಂಸದ ಸೊಗಸು ಅದಕ್ಕಿಲ್ಲವೆಂದು ಬಿಟ್ಟಿರಬಹುದು. ಅಕ್ಷರಪಟ ಅಲಂಕಾರಕ್ಕಾಗಿ ಇರುವುದಲ್ಲ ಎಂದಷ್ಟೇ ನಮ್ಮ ಉತ್ತರ.

ಇಷ್ಟಕ್ಕೇ ನಿಲ್ಲುವುದಾದರೆ ಈ ವಿಮರ್ಶೆ ಒಳನಾಡಿನ ಶಾಲೆಗೂ ಗಡಿಯ ಶಾಲೆಗೂ ಸಮಾನವಾದುದು. ನಮಗೆ ವಿಶೇಷವಾಗಿ ಸಂಬಂಧಿಸಿದ ಮಾತು ಇನ್ನು ಮುಂದೆ ಬರುತ್ತದೆ.

ಮೇಲೆ ಎಣಿಸಿದ ಪ್ರಾಣಿಗಳಲ್ಲಿ ಹೆಚ್ಚಿನವು ಹಕಾರಕ್ಕೆ ಹುಟ್ಟಿನಿಂದ ಸೇರಿದವುಗಳಲ್ಲ. ಅವು ಪಕಾರದ ಮನೆಯಿಂದ ಬಂದವು. ಹಳಗನ್ನಡದಲ್ಲಿ ಹುಲಿ ಪುಲಿಯಾಗಿತ್ತು, ಹಂದಿ ಪಂದಿಯಾಗಿತ್ತು, ಹಾವು ಪಾವಾಗಿತ್ತು. ಹದ್ದನ್ನು ಪರ್ದು ಎಂದೂ ಹೆಗ್ಗಣವನ್ನು ಪೆಗ್ಗಣ ಎಂದೂ ಹುಳುವನ್ನು ಪುೞು ಎಂದೂ ಅನ್ನುತ್ತಿದ್ದರು. ಸಂಸ್ಕೃತದ ಪಶು ಎಂಬುದು ಪಸುವಾಗಿ ಹಸುವಾಯಿತು. ಪಕ್ಷಿ ಎಂಬುದು ಪಕ್ಕಿಯಾಗಿ ಹಕ್ಕಿಯಾಯಿತು. ಕ್ರಿ.ಶ. 941ರ ಸುಮಾರಿಗೆ ವಿಕ್ರಮಾರ್ಜುನ ವಿಜಯವನ್ನು ರಚಿಸಿದ ಪಂಪನ ಭಾಷೆ ಪಕಾರದ ಭಾಷೆ. ಅದೇ ಹತ್ತನೆಯ ಶತಮಾನದ ಶಾಸನಗಳಲ್ಲಿ ಅಲ್ಲಲ್ಲಿ ಹಕಾರ ತಲೆದೋರತೊಡಗಿತು. ಹನ್ನೆರಡನೆಯ ಶತಮಾನದ ವಚನಗಳಲ್ಲಿ ಅದು ಧಾರಾಳವಾಗಿ ಕಾಣುತ್ತದೆ. ನಡುಗನ್ನಡದ ಕಾಲ ಮುಗಿಯುವುದರೊಳಗೆ ಹಕಾರವೇ ನಾಡಿನ ಮಾತಾಗಿತ್ತು. ಹೊಯ್ಸಳ ರಾಜವಂಶದ ಹೆಸರೇ ಇದಕ್ಕೆ ಸಾಕ್ಷಿ. ಹಳೆಯ ಶಾಸನಗಳಲ್ಲಿ ಆ ಹೆಸರು ಪೊಯ್ಸಳ ಎಂದಿದೆ. ಸಳನು ಹುಲಿಯನ್ನು ಹೊಡೆದ ಕಥೆಯನ್ನು ಮಕ್ಕಳಿಗೆ ಹೇಳುವಾಗ ಹೊಯ್ ಎಂಬ ಕ್ರಿಯಾಪದ ಪೊಯ್ ಆಗಿದ್ದಿತೆಂಬುದನ್ನೂ, ಹೊಡೆಸಿಕೊಂಡ ಹುಲಿ ಪುಲಿಯಾಗಿದ್ದಿತೆಂಬುದನ್ನೂ ಒಟ್ಟಿಗೆ ಹೇಳಬಹುದು.

ಈ ಬದಲಾವಣೆಗೆ ಗ್ರಂಥಗಳ ಸಾಕ್ಷಿಯೇ ಬೇಕೆಂದಿಲ್ಲ; ಇಂದಿನ ಮಾತಿನಲ್ಲಿಯೇ ಅದರ ಗುರುತು ಉಳಿದಿದೆ. ಹೆಬ್ಬಾವು ಎಂಬ ಪದವನ್ನು ಬಿಡಿಸಿ ನೋಡಿರಿ. ಹಿರಿದಾದ ಹಾವು ಹೆಬ್ಬಾವು. ಹಾಗಾದರೆ ಎರಡನೆಯ ಪದದ ಹಕಾರ ಎಲ್ಲಿ ಹೋಯಿತು? ನಡುವೆ ಬಕಾರ ಎಲ್ಲಿಂದ ಬಂದಿತು? ಹಕಾರಕ್ಕೆ ಬಕಾರ ಆದೇಶವಾಗಿ ಬರುವ ನಿಯಮ ಕನ್ನಡ ವ್ಯಾಕರಣದಲ್ಲಿಲ್ಲ. ಪಕಾರಕ್ಕೆ ಬಕಾರ ಬರುತ್ತದೆ. ಆದೇಶಸಂಧಿಯಲ್ಲಿ ನಾವು ಕಲಿಸುವುದೇ ಇದು. ಪೆರ್ ಎಂಬುದಕ್ಕೆ ಪಾವು ಸೇರಿ ಪೆರ್ಬಾವು ಆಯಿತು. ಮುಂದೆ ರೇಫ ಹೋಗಿ ಬಕಾರ ಇಮ್ಮಡಿಸಿತು. ಪದದ ಮೊದಲಿನ ಪಕಾರ ಹಕಾರವಾಯಿತು. ಒಳಗೆ ಅಡಗಿದ್ದ ಬಕಾರ ಮಾತ್ರ ಹಾಗೆಯೇ ಉಳಿಯಿತು. ಹೆಬ್ಬುಲಿಯ ಕಥೆಯೂ ಇದೇ. ಹಳಗನ್ನಡದ ಪುಲಿ ಸತ್ತಿಲ್ಲ. ಹೆಬ್ಬುಲಿಯ ಹೊಟ್ಟೆಯಲ್ಲಿ ಇಂದಿಗೂ ಕುಳಿತಿದೆ. ಐದನೆಯ, ಆರನೆಯ ತರಗತಿಯ ಮಕ್ಕಳಿಗೆ ಸಂಧಿಯನ್ನು ಕಲಿಸಲು ಇದಕ್ಕಿಂತ ರುಚಿಕರವಾದ ಉದಾಹರಣೆ ಸಿಗುವುದು ಕಷ್ಟ.

ನಿಯಮಕ್ಕೆ ಮಿತಿಯಿರುವುದನ್ನೂ ಮರೆಯಬಾರದು. ಹಂಸ, ಹರಿಣ, ಹಯಗಳ ಹಕಾರ ಸಂಸ್ಕೃತದ ಮೂಲ ಹಕಾರ. ಅವಕ್ಕೆ ಪಕಾರದ ಪೂರ್ವಜನ್ಮವಿಲ್ಲ. ಕಪ್ಪೆಯಲ್ಲಿ ಪಕಾರವು ಇಮ್ಮಡಿಸಿ ಪದದ ನಡುವೆ ಇರುವುದರಿಂದ ಬದಲಾಗದೆ ಉಳಿಯಿತು. ಪಾರಿವಾಳದ ಪಕಾರ ಪದದ ಮೊದಲಲ್ಲಿಯೇ ಇದ್ದರೂ ಬದಲಾಗಿಲ್ಲ. ಅದು ಸಂಸ್ಕೃತದ ಪಾರಾವತದಿಂದ ಬಂದ ಮಾತು. ಆದುದರಿಂದ ಹಕಾರ ಕಂಡಲ್ಲೆಲ್ಲ ಪಕಾರವನ್ನೂ, ಪಕಾರ ಕಂಡಲ್ಲೆಲ್ಲ ಹಕಾರವನ್ನೂ ಊಹಿಸುವುದು ಯುಕ್ತವಲ್ಲ.

ಈಗ ಗಡಿಯ ಶಾಲೆಗೆ ಬರೋಣ. ಕನ್ನಡವು ಪಕಾರವನ್ನು ಬಿಟ್ಟಿತು. ನೆರೆಯ ಭಾಷೆಗಳು ಬಿಡಲಿಲ್ಲ. ನಮ್ಮ ಹಲ್ಲಿ ಮಲಯಾಳ, ತಮಿಳು, ತುಳುಗಳಲ್ಲಿ ಪಲ್ಲಿ, ತೆಲುಗಿನಲ್ಲಿ ಬಲ್ಲಿ. ನಮ್ಮ ಹಂದಿ ತೆಲುಗಿನಲ್ಲಿ ಪಂದಿ, ಮಲಯಾಳದಲ್ಲಿ ಪನ್ನಿ, ತಮಿಳಿನಲ್ಲಿ ಪನ್ಱಿ, ತುಳುವಿನಲ್ಲಿ ಪಂಜಿ. ನಮ್ಮ ಹಾವು ತೆಲುಗಿನಲ್ಲಿ ಪಾಮು, ತಮಿಳಿನಲ್ಲಿ ಪಾಂಬು, ಮಲಯಾಳದಲ್ಲಿ ಪಾಂಬ್. ಹೆಬ್ಬಾವು ಮಲಯಾಳದಲ್ಲಿ ಪೆರುಂಪಾಂಬ್. ನಮ್ಮ ಪೆರ್ಬಾವಿನ ಒಡಹುಟ್ಟು. ಹೇನು ಎಲ್ಲೆಡೆಯೂ ಪೇನೇ. ಪುೞುವಿನಲ್ಲಿ ನಾವು ಕಳೆದುಕೊಂಡ ರಳವೆಂಬ ೞಕಾರವು ಮಲಯಾಳ ಮತ್ತು ತಮಿಳುಗಳಲ್ಲಿ ಜೀವಂತವಾಗಿದೆ. ಒಳನಾಡಿನ ಪಂಡಿತರು ಪುಸ್ತಕದಲ್ಲಿ ಮಾತ್ರ ಕಂಡ ಆ ಧ್ವನಿಯನ್ನು ಕಾಸರಗೋಡಿನ ಪೋರನು ಆಟದ ಬಯಲಿನಲ್ಲಿ ಲೀಲಾಜಾಲವಾಗಿ ನುಡಿಯುತ್ತಾನೆ. ಹುಲಿ ತಮಿಳು, ತೆಲುಗು, ಮಲಯಾಳಗಳಲ್ಲಿ ಪುಲಿ, ತುಳುವಿನಲ್ಲಿ ಪಿಲಿ. ಕಾಸರಗೋಡು ಪಟ್ಟಣದೊಳಗಿನ ಒಂದು ಸ್ಥಳವನ್ನು ನಾವು ಪಿಲಿಕುಂಜೆ ಎನ್ನುತ್ತೇವೆ, ಮಲಯಾಳಿಗಳು ಪುಲಿಕ್ಕುನ್ನು ಎನ್ನುತ್ತಾರೆ. ಮಂಗಳೂರಿನ ಬಳಿ ಪಿಲಿಕುಳವಿದೆ. ಇನ್ನು ನೀಲಗಿರಿಯ ಬಡಗರ ಮಾತು ತಮಿಳುನಾಡಿನಲ್ಲಿದ್ದರೂ ಕನ್ನಡದಂತೆ ಹಕಾರವನ್ನು ಹಿಡಿದಿದೆ. ಅದು ಕನ್ನಡಕ್ಕೆ ಎಷ್ಟು ಸಮೀಪವೆಂಬುದಕ್ಕೆ ಇದೂ ಒಂದು ಕುರುಹು.

ಇಂತಹ ನೆಲದಲ್ಲಿ ಕನ್ನಡ ಶಾಲೆಗೆ ಬರುವ ಮಗು ಹುಲಿಯ ಚಿತ್ರವನ್ನು ನೋಡಿ ಪುಲಿ ಎಂದೋ ಪಿಲಿ ಎಂದೋ ಹೇಳಿದರೆ ನಾವು ಏನು ಮಾಡುತ್ತೇವೆ? ಇದು ಚಿಕ್ಕ ಪ್ರಶ್ನೆಯಂತೆ ಕಾಣುತ್ತದೆ, ಚಿಕ್ಕದಲ್ಲ. ತರಗತಿ ನಗುತ್ತದೆ. ಉಪಾಧ್ಯಾಯರು ತಪ್ಪು ಎನ್ನುತ್ತಾರೆ. ಮಗು ಬಾಯಿ ಮುಚ್ಚುತ್ತದೆ. ತನ್ನ ಮನೆಯ ಮಾತು ಒಂದು ಕಡೆ, ಶಾಲೆಯ ಕನ್ನಡ ಇನ್ನೊಂದು ಕಡೆ, ಎರಡಕ್ಕೂ ನಡುವೆ ಗೋಡೆ ಎಂದು ಅದು ಆ ದಿನ ಕಲಿಯುತ್ತದೆ. ಅಕ್ಷರ ಕಲಿಯುವುದಕ್ಕೆ ಮೊದಲೇ ಕಲಿತ ಈ ಪಾಠವನ್ನು ಅಳಿಸುವುದು ಸುಲಭವಲ್ಲ. ಗಡಿನಾಡಿನ ಕನ್ನಡ ಶಾಲೆಗಳಲ್ಲಿ ಮಕ್ಕಳನ್ನು ಉಳಿಸಿಕೊಳ್ಳುವುದು ಹೇಗೆಂದು ನಾವು ಸಭೆಗಳಲ್ಲಿ ಚರ್ಚಿಸುತ್ತೇವೆ, ಮನವಿಗಳನ್ನು ಬರೆಯುತ್ತೇವೆ. ಅವೆಲ್ಲವೂ ಬೇಕು. ಆದರೆ ಕನ್ನಡವು ತನ್ನದು ಹೌದೋ ಅಲ್ಲವೋ ಎಂದು ಮಗು ನಿಶ್ಚಯಿಸುವುದು ಸಭೆಯಲ್ಲಿ ಅಲ್ಲ, ಅಕ್ಷರಪಟದ ಎದುರಿನಲ್ಲಿ.

ಆದುದರಿಂದ ನಾವು ಹೇಳಬೇಕಾದ ಮಾತು ಇಷ್ಟು: "ಸರಿ ಮಗೂ, ನಿಮ್ಮ ಮನೆಯಲ್ಲಿ ಪುಲಿ. ನಮ್ಮ ಹಿರಿಯರೂ ಹಿಂದೆ ಪುಲಿ ಎಂದೇ ಹೇಳುತ್ತಿದ್ದರು. ಈಗ ಕನ್ನಡದಲ್ಲಿ ಹುಲಿ ಎಂದು ಬರೆಯುತ್ತೇವೆ." ಇದರಲ್ಲಿ ಮಗುವಿನ ಮಾತಿಗೆ ಮನ್ನಣೆಯಿದೆ, ಕನ್ನಡದ ರೂಢಿಗೆ ಭಂಗವಿಲ್ಲ.

ಇದಕ್ಕೆ ಎರಡು ಆಕ್ಷೇಪಗಳು ಬರಬಹುದು. ಆರು ವರ್ಷದ ಮಗುವಿಗೆ ಭಾಷೆಯ ಚರಿತ್ರೆಯನ್ನು ಹೇಳಿದರೆ ತಲೆ ಕೆಡದೆ ಎಂಬುದು ಮೊದಲನೆಯದು. ಚರಿತ್ರೆಯನ್ನು ಮಗುವಿಗೆ ಹೇಳಬೇಕೆಂದು ನಾವು ಹೇಳುತ್ತಿಲ್ಲ. ಉಪಾಧ್ಯಾಯರಿಗೆ ಅದು ತಿಳಿದಿರಬೇಕು ಎನ್ನುತ್ತೇವೆ. ತಿಳಿದವರು ಬೆತ್ತದ ಕಡೆಗೆ ಕೈ ನೀಡುವುದಿಲ್ಲ. ನಾವು ಕನ್ನಡವನ್ನು ಉಳಿಸಲು ಹೊರಟವರು, ಮಲಯಾಳ, ತಮಿಳು, ತೆಲುಗುಗಳ ಹೆಸರನ್ನು ಕನ್ನಡ ತರಗತಿಯಲ್ಲಿ ಎತ್ತುವುದು ಅಭಿಮಾನಕ್ಕೆ ಕುಂದಲ್ಲವೇ ಎಂಬುದು ಎರಡನೆಯದು. ಈ ಆಕ್ಷೇಪಕ್ಕೆ ನಾವು ಹೆಚ್ಚು ಬೆಲೆ ಕೊಡಲಾರೆವು. ಪುಲಿ ಎಂಬುದು ನೆರೆಯವರಿಂದ ಕಡ ತಂದ ಮಾತಲ್ಲ. ಕನ್ನಡದ ಸ್ವಂತ ಸೊತ್ತು. ನೆರೆಭಾಷೆಯವರು ಪಕಾರವನ್ನು ಉಳಿಸಿಕೊಂಡುದರಿಂದ ಹಿರಿಯರಾಗಲಿಲ್ಲ. ನಾವು ಬಿಟ್ಟುದರಿಂದ ಕಿರಿಯರಾಗಲಿಲ್ಲ. ಒಂದೇ ಮನೆಯ ಮಕ್ಕಳಲ್ಲಿ ಒಬ್ಬನು ತಂದೆಯ ಪೇಟವನ್ನು ಕಟ್ಟುತ್ತಾನೆ, ಇನ್ನೊಬ್ಬನು ಹೊಸ ಪೇಟವನ್ನು ಕಟ್ಟುತ್ತಾನೆ, ಇಷ್ಟೇ ಭೇದ.

ಸೇತುವೆಯಲ್ಲಿ ಅಲ್ಲಲ್ಲಿ ತೂತುಗಳೂ ಇವೆ. ಅವನ್ನು ಅರಿತು ಹೆಜ್ಜೆಯಿಡಬೇಕು. ಮಲಯಾಳದಲ್ಲಿ ಪುಲಿ ಎಂದರೆ ಇಂದು ಸಾಮಾನ್ಯವಾಗಿ ಚಿರತೆ. ಪಟ್ಟೆಯ ಹುಲಿಗೆ ಅವರು ಕಡುವ ಎನ್ನುತ್ತಾರೆ. ಹಾಗಾಗಿ ಪಟ್ಟೆಯ ಹುಲಿಯ ಚಿತ್ರಕ್ಕೆ ವಯನಾಡಿನ ಮಗು ಕಡುವ ಎಂದರೆ ಆಶ್ಚರ್ಯಪಡಬೇಕಾದುದಿಲ್ಲ. ತುಳುವಿನಲ್ಲಿ ಹಾವು ಉಚ್ಚು, ಹಸು ಪೆತ್ತ. ಇಲ್ಲಿ ಹಕಾರ ಪಕಾರಗಳ ಸೂತ್ರ ಕೆಲಸಕ್ಕೆ ಬಾರದು. ಸೊಲ್ಲಾಪುರ, ಅಕ್ಕಲಕೋಟೆ, ಜತ್ತಗಳ ಕಡೆ ಮರಾಠಿಯ ಹತ್ತಿ ಎಂದರೆ ಆನೆ. ಕನ್ನಡದ ಹತ್ತಿ ಹೊಲದಲ್ಲಿ ಬೆಳೆಯುವ ಅರಳೆ. ಹತ್ತಿಯ ಗಿಡವನ್ನು ಬರೆದು ಹ ಎಂದು ಕಲಿಸುವ ಪಟ ಆ ಸೀಮೆಯಲ್ಲಿ ನಗೆಯನ್ನು ತರಬಲ್ಲುದು. ಬುದ್ಧಿವಂತ ಉಪಾಧ್ಯಾಯರು ಆ ನಗೆಯಿಂದಲೇ ಒಂದು ಪಾಠವನ್ನು ಹೊಸೆಯಬಲ್ಲರು.

ಹಕಾರದ ಚರಿತ್ರೆ ಅಲ್ಲಿಗೂ ನಿಲ್ಲಲಿಲ್ಲ. ಪಕಾರವು ಹಕಾರವಾದಂತೆ, ಹಲವು ಸೀಮೆಗಳ ಆಡುಮಾತಿನಲ್ಲಿ ಹಕಾರವೂ ಅಳಿದು ಬರಿಯ ಸ್ವರ ಉಳಿಯಿತು. ಹುಲಿ ಉಲಿಯಾಯಿತು, ಹಂದಿ ಅಂದಿಯಾಯಿತು. ಉಕ್ತಲೇಖನದ ಹಲಗೆಗಳಲ್ಲಿ ಇದರ ಫಲವನ್ನು ಕಾಣುತ್ತೇವೆ. ಹಕ್ಕಿ ಬರೆಯೆಂದರೆ ಅಕ್ಕಿ ಎಂದು ಬರೆಯುತ್ತಾರೆ. ಹಾಡು ಎಂಬುದು ಆಡಾಗಿ ಮೇಯಲು ಹೊರಡುತ್ತದೆ. ರಾಯದುರ್ಗ, ಮಡಕಶಿರಾಗಳ ಕಡೆ ಹಾವು ಎಂಬುದನ್ನು ಆವು ಎಂದು ಬರೆದರೆ ತೆಲುಗಿನಲ್ಲಿ ಅದು ಹಸುವಾಗುತ್ತದೆ! ಇದನ್ನು ತಿದ್ದಲು ಹೊರಟಾಗ ಎದುರು ದಿಕ್ಕಿನ ದೋಷವೂ ಹುಟ್ಟುತ್ತದೆ. ಹಕಾರ ಬಿಟ್ಟುದಕ್ಕಾಗಿ ಬೈಗಳು ತಿಂದ ಮಗು ಇಲ್ಲದ ಕಡೆಯೂ ಹಕಾರವನ್ನು ಸೇರಿಸಿ, ಆನೆಯನ್ನು ಹಾನೆ ಎಂದೂ ಎಮ್ಮೆಯನ್ನು ಹೆಮ್ಮೆ ಎಂದೂ ಬರೆಯುತ್ತದೆ. ಬರಿಯ ಬೈಗಳಿಂದ ಆಗುವ ತಿದ್ದುಪಾಟು ಇಷ್ಟೇ. ಹಕ್ಕಿಯನ್ನೂ ಅಕ್ಕಿಯನ್ನೂ ಜೊತೆಯಾಗಿ ಬರೆಸಿ, ಹಾಡನ್ನೂ ಆಡನ್ನೂ ಜೊತೆಯಾಗಿ ನುಡಿಸಿ, ಉಸಿರಿನ ಭೇದವನ್ನು ಅಂಗೈಯನ್ನು ಬಾಯಿಯ ಮುಂದೆ ಹಿಡಿಸಿ ತೋರಿಸುವುದು ಉತ್ತಮ ಮಾರ್ಗ. ಹ ಎಂದಾಗ ಅಂಗೈಗೆ ಬಿಸಿ ಉಸಿರು ತಾಗುತ್ತದೆ; ಅ ಎಂದಾಗ ಅಷ್ಟು ತಾಗುವುದಿಲ್ಲ. ಇದಕ್ಕೆ ಕಾಸಿನ ಖರ್ಚಿಲ್ಲ.

ಅಕ್ಷರಪಟವನ್ನು ಹಳಿದು ಸುಮ್ಮನಾಗುವುದು ವಿಮರ್ಶೆಯ ಧರ್ಮವಲ್ಲವಾದುದರಿಂದ ಒಂದು ಸೂಚನೆಯನ್ನು ಮುಂದಿಡುತ್ತೇವೆ. ಹಕಾರಕ್ಕೆ ಹಲ್ಲಿಯಿರಲಿ. ಉಳಿದ ಪ್ರಾಣಿಗಳನ್ನು ಕಾಗುಣಿತಕ್ಕೆ ಒಪ್ಪಿಸೋಣ: ಹಾ ಎಂದರೆ ಹಾವು, ಹು ಎಂದರೆ ಹುಲಿ, ಹೆ ಎಂದರೆ ಹೆಗ್ಗಣ, ಹೇ ಎಂದರೆ ಹೇನು, ಹೋ ಎಂದರೆ ಹೋತ, ಹಂ ಎಂದರೆ ಹಂದಿ. ಹಿಕಾರಕ್ಕೆ ಹಿಂಡು ಸಾಕು. ದನದ ಹಿಂಡನ್ನೋ ಆಡಿನ ಹಿಂಡನ್ನೋ ಬರೆಯಬಹುದು. ಹೂ ಎಂದರೆ ಹೂವೇ ಇದೆ. ಹೈ, ಹೌಗಳಿಗೆ ಪ್ರಾಣಿ ಸಿಗದಿದ್ದರೆ ಬಲಾತ್ಕಾರದಿಂದ ತುರುಕುವುದು ಬೇಡ. ರಟ್ಟಿನ ತುಂಡುಗಳ ಮೇಲೆ ಮೇಲಿನ ತರಗತಿಯ ಮಕ್ಕಳೇ ಈ ಚಿತ್ರಗಳನ್ನು ಬರೆಯಬಹುದು. ಪ್ರತಿ ರಟ್ಟಿನ ಹಿಂಬದಿಯಲ್ಲಿ ಆ ಪ್ರಾಣಿಗೆ ತಮ್ಮ ತಮ್ಮ ಮನೆಗಳಲ್ಲಿ ಏನೆನ್ನುತ್ತಾರೆಂಬುದನ್ನು ಕನ್ನಡ ಲಿಪಿಯಲ್ಲಿ ಬರೆಯಲಿ. ಒಂದೇ ತರಗತಿಯಲ್ಲಿ ಪಿಲಿ, ಪುಲಿ, ಕಡುವ, ಹುಲಿ ಎಂಬ ನಾಲ್ಕು ಹೆಸರುಗಳು ಒಟ್ಟುಗೂಡಿದರೆ ಅದು ನಮ್ಮ ಶಾಲೆಯ ಬಡತನವಲ್ಲ, ಸಿರಿ.

ಈ ಸಿರಿಯ ಫಲ ಕೈಸೇರುವುದು ಹಲವು ವರ್ಷಗಳ ಅನಂತರ. ಪ್ರೌಢಶಾಲೆಗೆ ಹೋದ ವಿದ್ಯಾರ್ಥಿ ಮೊದಲ ಬಾರಿಗೆ ಹಳಗನ್ನಡ ಪದ್ಯವನ್ನು ತೆರೆದಾಗ ಒಳನಾಡಿನ ಮಗು ಪಾಲ್, ಪಲ್, ಪೂ, ಪೆಸರ್, ಪತ್ತು ಎಂಬ ಪದಗಳನ್ನು ಕಂಡು ಅರ್ಥಕೋಶವನ್ನು ಹುಡುಕುತ್ತದೆ. ಗಡಿಯ ಮಗುವಿಗೆ ಹಾಲು, ಹಲ್ಲು, ಹೂವು, ಹೆಸರು, ಹತ್ತುಗಳು ಆ ವೇಷದಲ್ಲಿ ಹೊಸಬರಲ್ಲ. ನೆರೆಮನೆಯಲ್ಲಿ ದಿನವೂ ಕೇಳಿದವು. ಪಂಪನ ಪುಲಿಯನ್ನು ಟಿಪ್ಪಣಿಯಿಲ್ಲದೆ ಗುರುತಿಸಬಲ್ಲ ಓದುಗನು ಬೆಂಗಳೂರಿನಲ್ಲಿ ದೊರೆಯುವುದಕ್ಕಿಂತ ಹೆಚ್ಚು ಸುಲಭವಾಗಿ ಮಂಜೇಶ್ವರದಲ್ಲಿ, ತಾಳವಾಡಿಯಲ್ಲಿ, ಆದವಾನಿಯಲ್ಲಿ ದೊರೆಯುತ್ತಾನೆ. ಆದರೆ ಒಂದನೆಯ ತರಗತಿಯಲ್ಲಿ ಅವನ ಪುಲಿಯನ್ನು ನಗೆಯಿಂದ ಓಡಿಸಿಬಿಟ್ಟಿದ್ದರೆ, ಒಂಬತ್ತನೆಯ ತರಗತಿಯಲ್ಲಿ ಅದು ಮರಳಿ ಬಾರದು. ಸಹೋದ್ಯೋಗಿ ಬಂಧುಗಳು ಈ ಮಾತನ್ನು ಮನಸ್ಸಿನಲ್ಲಿಟ್ಟು ನಾಳೆ ಹಕಾರದ ಪಾಠಕ್ಕೆ ನಿಲ್ಲಬೇಕೆಂದು ಬಿನ್ನವಿಸಿಕೊಳ್ಳುತ್ತೇವೆ.